ನೀರಲ್ಲಿ ಕರಗಿದ ಗೊಬ್ಬರವನ್ನು ನೀರೊಳಗೇ ಅಳೆಯುವುದು ಹೇಗೆ?

2014ರ ಆಗಸ್ಟ್ ತಿಂಗಳ ಮೊದಲ ವಾರಾಂತ್ಯ. ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಎಂದು ಆದೇಶ ಹೊರಟಿತು. ಕುದಿಸಿಯೂ ಕುಡಿಯಬೇಡಿ ಎಂದರು. ಕುದಿಸಿದರೆ ಆ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ನಾಲ್ಕು ಲಕ್ಷ ಜನರಿರುವ ಪ್ರದೇಶ ಎರಡು ಮೂರು ದಿನ ಬಾಟಲಿ ನೀರಿನ ಮೇಲೆ ಬದುಕಿತು. ಪಕ್ಕದಲ್ಲೇ ಈರಿ ಸರೋವರ, ಕಣ್ಣು ಹಾಯಿಸಿದಷ್ಟು ದೂರ ಸಿಹಿನೀರು. ಅದರ ತುಂಬ ಹಸಿರು ಬಣ್ಣ ಬಳಿದ ಹಾಗೆ ನೀಲಿ-ಹಸಿರು ಪಾಚಿ ಹಬ್ಬಿತ್ತು, ಆ ಪಾಚಿ ಬಿಡುವ ಮೈಕ್ರೋಸಿಸ್ಟಿನ್ ಎಂಬ ವಿಷ ನಗರದ ನೀರಿಗೆ ಸೇರಿತ್ತು.

ಪಾಚಿ ಸುಮ್ನೆ ಬೆಳೆಯುವುದಿಲ್ಲ, ಅದಕ್ಕೆ ಗೊಬ್ಬರ ಬೇಕು. ಈರಿ ಸರೋವರದ ಪಶ್ಚಿಮ ಭಾಗಕ್ಕೆ ಆ ಗೊಬ್ಬರ ಬರುವುದು ಮುಖ್ಯವಾಗಿ ಮೌಮೀ ನದಿಯಿಂದ, ಅಂದರೆ ಮೆಕ್ಕೆಜೋಳ, ಸೋಯಾ ಬೆಳೆಯುವ ಹೊಲಗಳಿಂದ. ಇಲ್ಲೇ ಒಂದು ವಿಚಿತ್ರವಿತ್ತು. 1972ರಲ್ಲಿ ಅಮೆರಿಕ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ಸರೋವರಕ್ಕೆ ಬರುವ ರಂಜಕವನ್ನು ಕಡಿಮೆ ಮಾಡಿದ್ದವು. ಸರೋವರ ಚೇತರಿಸಿಕೊಂಡಿತ್ತು ಕೂಡ. ಆದರೆ 1990ರ ದಶಕದ ಮಧ್ಯದ ನಂತರ ಪಾಚಿ ಮತ್ತೆ ಬರತೊಡಗಿತು. ನದಿಯಲ್ಲಿ ಬರುವ ಒಟ್ಟು ರಂಜಕ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಏರಿದ್ದು ಅದರೊಳಗಿನ ಒಂದು ಪಾಲು ಮಾತ್ರ, ನೀರಲ್ಲಿ ಕರಗಿದ ರಂಜಕ. ಮಣ್ಣಿನ ಕಣಕ್ಕೆ ಅಂಟಿಕೊಂಡ ರಂಜಕ ತಳಕ್ಕೆ ಇಳಿಯುತ್ತದೆ, ಅದರಲ್ಲಿ ಸ್ವಲ್ಪ ಮಾತ್ರ ಪಾಚಿಗೆ ದಕ್ಕುತ್ತದೆ. ಕರಗಿದ ರಂಜಕ ಹಾಗಲ್ಲ, ಹೆಚ್ಚುಕಮ್ಮಿ ಪೂರ್ತಿ ದಕ್ಕುತ್ತದೆ. ಇದು ಗೊತ್ತಾಗಿದ್ದು ಟಿಫಿನ್ ಊರಿನ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದವರು 1970ರ ದಶಕದಿಂದ ಬಿಡದೆ ಆ ನದಿಗಳ ನೀರು ಹಿಡಿದು ಅಳೆಯುತ್ತಾ ಬಂದದ್ದರಿಂದ. ಅಷ್ಟು ತಾಳ್ಮೆಯಿಂದ, ಅಷ್ಟು ಸಲ, ಕರಗಿದ್ದನ್ನೂ ಕರಗದ್ದನ್ನೂ ಬೇರೆ ಬೇರೆಯಾಗಿ ಅಳೆಯದೆ ಇದ್ದಿದ್ದರೆ ಈ ಬದಲಾವಣೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹಾಗಾಗಿ ಈ ಬರಹ ಆ ಅಳತೆಯ ಬಗ್ಗೆ. ನೀರನ್ನು ಲ್ಯಾಬಿಗೆ ಒಯ್ಯದೆ, ನದಿಯಲ್ಲೋ ಕೆರೆಯಲ್ಲೋ ಸಮುದ್ರದಲ್ಲೋ ಅದು ಇರುವಲ್ಲೇ, ಅದರಲ್ಲಿ ಕರಗಿರುವ ಪೋಷಕಾಂಶ ಎಷ್ಟು ಎಂದು ತಿಳಿಯುವುದು ಹೇಗೆ? ಇದು ಕೇಳಲು ಸುಲಭ, ಮಾಡಲು ತುಂಬಾ ಕಷ್ಟ. ಕಷ್ಟ ಎಲ್ಲಿದೆ ಎಂದು ಅರ್ಥವಾದರೆ ಮುಂದೆ ಯಾವುದೇ ಕೆರೆಯ ವರದಿ ಕೈಗೆ ಬಂದರೂ ಅದರಲ್ಲಿ ಯಾವ ಅಂಕಿಯನ್ನು ಎಷ್ಟು ನಂಬಬೇಕು ಎನ್ನುವುದು ನಿಮಗೇ ಗೊತ್ತಾಗುತ್ತದೆ.

ಮೊದಲು ಪಾತ್ರಗಳ ಪರಿಚಯ. ನೀರಲ್ಲಿ ಕರಗಿದ ಪೋಷಕಾಂಶ ಎಂದಾಗ ಸಾಮಾನ್ಯವಾಗಿ ಮಾತಾಡುವುದು ಐದರ ಬಗ್ಗೆ: ನೈಟ್ರೇಟ್, ನೈಟ್ರೈಟ್, ಅಮೋನಿಯಂ, ಫಾಸ್ಫೇಟ್, ಸಿಲಿಕೇಟ್. ಮೊದಲ ಮೂರು ಸಾರಜನಕದ ರೂಪಗಳು, ನಾಲ್ಕನೆಯದು ರಂಜಕ. ನಮ್ಮ ಹೊಲಕ್ಕೆ ಹಾಕುವ ಯೂರಿಯಾ, ಡಿಎಪಿ ಕೊನೆಗೆ ನೀರಿಗೆ ಸೇರುವುದು ಇವೇ ರೂಪಗಳಲ್ಲಿ. ಸಿಲಿಕೇಟ್ ಕಲ್ಲು ಸವೆದು ಬರುವಂಥದ್ದು, ಡಯಾಟಮ್ ಎಂಬ ಪಾಚಿಗಳು ಅದರಿಂದ ತಮ್ಮ ಗಾಜಿನಂಥ ಕವಚ ಕಟ್ಟಿಕೊಳ್ಳುತ್ತವೆ. ಸಮುದ್ರದ ಪಾಚಿಗಳು ಇವನ್ನು ಬಳಸುವುದರಲ್ಲಿ ಒಂದು ಲೆಕ್ಕವಿದೆ. ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ 1934ರಲ್ಲಿ ಇದನ್ನು ಮೊದಲು ಗುರುತಿಸಿದರು. ಈಗ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106. ಅಂದರೆ ರಂಜಕ ತೀರಾ ಸ್ವಲ್ಪ ಸಾಕು. ಸ್ವಲ್ಪ ಸಾಕು ಅನ್ನುವುದರಿಂದಲೇ ಅದನ್ನು ಅಳೆಯುವುದು ಕಷ್ಟ.

ಎಷ್ಟು ಸ್ವಲ್ಪ? ಪೆಸಿಫಿಕ್ ಸಾಗರದ ಆಳದಲ್ಲಿ, ಸಮುದ್ರದಲ್ಲೇ ಅತಿ ಹೆಚ್ಚು ನೈಟ್ರೇಟ್ ಇರುವ ಕಡೆ, ಒಂದು ಲೀಟರಿಗೆ ಸುಮಾರು 45 ಮೈಕ್ರೋಮೋಲ್ (ತೂಕವಲ್ಲ, ಕಣಗಳ ಎಣಿಕೆಯ ಅಳತೆ) ಇರುತ್ತದೆ, ಅಂದರೆ ಮೂರು ಮಿಲಿಗ್ರಾಂಗಿಂತ ಕಡಿಮೆ. ಅದೇ ನೀರಲ್ಲಿ ಫಾಸ್ಫೇಟ್ 3 ಮೈಕ್ರೋಮೋಲ್ ಆಸುಪಾಸು. ಉಷ್ಣವಲಯದ ಸಮುದ್ರದ ಮೇಲ್ಮೈಗೆ ಬಂದರೆ ನೈಟ್ರೇಟ್ 0.1 ಮೈಕ್ರೋಮೋಲ್‌ಗಿಂತಲೂ ಕೆಳಗೆ ಇಳಿಯುತ್ತದೆ. ಇದೆಲ್ಲ ಒಂದು ಲೀಟರಿಗೆ 35 ಗ್ರಾಂ ಉಪ್ಪು ಕರಗಿರುವ ನೀರಿನ ಒಳಗೆ! ಹುಡುಕುತ್ತಿರುವ ವಸ್ತುವಿಗಿಂತ ಅಡ್ಡ ಬರುವ ವಸ್ತು ಹತ್ತು ಸಾವಿರ ಪಟ್ಟು ಜಾಸ್ತಿ. ಮೇಲಾಗಿ ಹುಡುಕುತ್ತಿರುವ ವಸ್ತುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಇಲ್ಲಿ ಯೂನಿಟ್ಟಿನ ವಿಷಯ ಹೇಳಿಬಿಡಬೇಕು, ಯಾಕೆಂದರೆ ಜನ ಜಾಸ್ತಿ ಎಡವುವುದು ಇದರಲ್ಲೇ. ಅಮೆರಿಕದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 10 ಮಿಲಿಗ್ರಾಂ. ಭಾರತದಲ್ಲಿ 45 ಮಿಲಿಗ್ರಾಂ. ನಮ್ಮದು ನಾಲ್ಕೂವರೆ ಪಟ್ಟು ಸಡಿಲ ಎಂದು ಬರೆದವರನ್ನು ನೋಡಿದ್ದೇನೆ. ಹಾಗಲ್ಲ. ಅವರು ನೈಟ್ರೇಟ್ ಒಳಗಿನ ಸಾರಜನಕದ ತೂಕ ಮಾತ್ರ ಹೇಳುತ್ತಾರೆ, ನಾವು ಆಮ್ಲಜನಕವನ್ನೂ ಸೇರಿಸಿ ಇಡೀ ನೈಟ್ರೇಟಿನ ತೂಕ ಹೇಳುತ್ತೇವೆ. ಅವರ ಅಂಕಿಯಿಂದ ನಮ್ಮದಕ್ಕೆ ಬರಲು 4.43ರಿಂದ ಗುಣಿಸಬೇಕು. ಎರಡೂ ಮಿತಿ ಹೆಚ್ಚುಕಮ್ಮಿ ಒಂದೇ. ಸಮುದ್ರ ವಿಜ್ಞಾನಿಗಳು ಈ ಗೊಂದಲವೇ ಬೇಡ ಎಂದು ಮೈಕ್ರೋಮೋಲ್ ಬಳಸುತ್ತಾರೆ. ಅವರ ಲೆಕ್ಕದಲ್ಲಿ ನಮ್ಮ 45 ಮಿಲಿಗ್ರಾಂ ಅಂದರೆ ಸುಮಾರು 726 ಮೈಕ್ರೋಮೋಲ್. ಯಾವ ರೂಪದ ತೂಕ ಎಂದು ಬರೆಯದೆ ಬರೀ ಅಂಕಿ ಕೊಟ್ಟ ವರದಿ ಕಂಡರೆ ದಯವಿಟ್ಟು ಕೇಳಿ. ಅದು ತಿಳಿಯದೆ ಆ ಅಂಕಿಯಿಂದ ಏನೂ ತೀರ್ಮಾನಿಸಲು ಬರುವುದಿಲ್ಲ.

ಹಳೆಯ ವಿಧಾನ ಬಾಟಲಿಯದು. ನೀರು ಹಿಡಿ, ಸೋಸು, ತಣ್ಣಗೆ ಇಡು, ಲ್ಯಾಬಿಗೆ ಕಳಿಸು. ಸೋಸಲು ಸಾಮಾನ್ಯವಾಗಿ 0.45 ಮೈಕ್ರಾನ್ ರಂಧ್ರದ ಫಿಲ್ಟರ್ ಬಳಸುತ್ತಾರೆ, ಅದರಿಂದ ಕೆಳಗೆ ಬಂದದ್ದನ್ನೆಲ್ಲ ಕರಗಿದ್ದು ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಗೆರೆ ಮನುಷ್ಯ ಎಳೆದದ್ದು, ನಿಸರ್ಗದ್ದಲ್ಲ. ಅದಕ್ಕಿಂತ ಸಣ್ಣ ಜೇಡಿಮಣ್ಣಿನ ಕಣ ಕೂಡ ಕೆಳಗೆ ಇಳಿದು ಕರಗಿದ ರಂಜಕದ ಲೆಕ್ಕಕ್ಕೆ ಸೇರಿಕೊಳ್ಳಬಹುದು.

ಲ್ಯಾಬಿನಲ್ಲಿ ನಡೆಯುವುದು ಬಣ್ಣದ ರಸಾಯನ. ಫಾಸ್ಫೇಟಿಗೆ ಅಮೋನಿಯಂ ಮಾಲಿಬ್ಡೇಟ್, ಸ್ವಲ್ಪ ಆಂಟಿಮನಿ, ಆಸ್ಕಾರ್ಬಿಕ್ ಆಮ್ಲ (ಅದೇ ವಿಟಮಿನ್ ಸಿ) ಹಾಕಿದರೆ ನೀರು ನೀಲಿಯಾಗುತ್ತದೆ. ನೀಲಿ ಎಷ್ಟು ಗಾಢವೋ ಫಾಸ್ಫೇಟ್ ಅಷ್ಟು. ಮರ್ಫಿ ಮತ್ತು ರೈಲಿ 1962ರಲ್ಲಿ ಪ್ರಕಟಿಸಿದ ಈ ವಿಧಾನವನ್ನೇ ಜಗತ್ತು ಇವತ್ತಿಗೂ ಬಳಸುತ್ತಿದೆ. ನೈಟ್ರೇಟ್ ನೇರವಾಗಿ ಬಣ್ಣ ಕೊಡುವುದಿಲ್ಲ, ಅದನ್ನು ಮೊದಲು ತಾಮ್ರ ಲೇಪಿಸಿದ ಕ್ಯಾಡ್ಮಿಯಂ ಪುಡಿಯ ಮೂಲಕ ಹಾಯಿಸಿ ನೈಟ್ರೈಟ್ ಮಾಡಬೇಕು, ಆಮೇಲೆ 19ನೇ ಶತಮಾನದಲ್ಲಿ ಪೀಟರ್ ಗ್ರೀಸ್ ಕಂಡುಹಿಡಿದ ಕ್ರಿಯೆಯಿಂದ ಗುಲಾಬಿ ಬಣ್ಣ ಬರಿಸಬೇಕು. ಚೆನ್ನಾಗಿ ಮಾಡಿದರೆ ಇದಕ್ಕಿಂತ ನಿಖರವಾದದ್ದು ಸಿಗುವುದು ಕಷ್ಟ.

ಹಾಗಾದರೆ ತೊಂದರೆ ಏನು? ಬಾಟಲಿಯ ಒಳಗೆ ಜೀವ ನಿಲ್ಲುವುದಿಲ್ಲ. ಬ್ಯಾಕ್ಟೀರಿಯಾ, ಪಾಚಿ ಒಳಗೇ ಇರುತ್ತವೆ, ದಾರಿಯುದ್ದಕ್ಕೂ ಪೋಷಕಾಂಶವನ್ನು ತಿನ್ನುತ್ತಿರುತ್ತವೆ, ಬಿಡುತ್ತಿರುತ್ತವೆ. ಬಿಸಿಲಲ್ಲಿ ಗಾಡಿಯ ಡಿಕ್ಕಿಯಲ್ಲಿ ಅರ್ಧ ದಿನ ಇಟ್ಟ ಕೆರೆ ನೀರಿನ ಅಮೋನಿಯಂ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಫ್ರೀಜರಿನಲ್ಲಿಟ್ಟರೆ ನೈಟ್ರೇಟ್ ಸರಿಯಾಗಿ ಉಳಿಯುತ್ತದೆ, ಆದರೆ ಸಿಲಿಕೇಟ್ ಒಂದಕ್ಕೊಂದು ಹೆಣೆದುಕೊಂಡು ಅಳತೆಗೆ ಸಿಗದಂತಾಗುತ್ತದೆ. ಅಮೋನಿಯಂ ಅಂತೂ ಬೆವರಿದ ಕೈಯಿಂದಲೂ ಸೇರುತ್ತದೆ, ಸಿಗರೇಟು ಹೊಗೆಯಿಂದಲೂ ಸೇರುತ್ತದೆ.

ಆದರೆ ಇದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ತಿಂಗಳಿಗೊಮ್ಮೆ ಬೆಳಗ್ಗೆ ಹನ್ನೊಂದಕ್ಕೆ ಬಾಟಲಿ ತುಂಬಿದರೆ ಆ ಒಂದು ಗಳಿಗೆಯ ನೀರು ಮಾತ್ರ ಗೊತ್ತಾಗುತ್ತದೆ. ಹೊಲದಿಂದ ನದಿಗೆ ರಂಜಕ ಹರಿಯುವುದು ಬಹುಪಾಲು ಕೆಲವೇ ಜೋರು ಮಳೆಯ ದಿನಗಳಲ್ಲಿ, ಅದೂ ರಾತ್ರಿ ಎರಡು ಗಂಟೆಗೆ, ಸೇತುವೆಯ ಮೇಲೆ ಯಾರೂ ನಿಲ್ಲಲಾಗದ ಹೊತ್ತಿನಲ್ಲಿ. ಮಳೆಯಿಲ್ಲದ ದಿನಗಳಲ್ಲೂ ಅಂಕಿ ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಇಚೆಟಕ್ನಿ ಎಂಬ ನದಿಯಿದೆ. ಅದು ಹುಟ್ಟುವುದು ನೆಲದಡಿಯಿಂದ ಚಿಮ್ಮುವ ಬುಗ್ಗೆಗಳಿಂದ, ಹಾಗಾಗಿ ಅದರ ಮೂಲದಲ್ಲಿ ನೈಟ್ರೇಟ್ ದಿನವಿಡೀ ಒಂದೇ ಸಮ ಇರುತ್ತದೆ. ಆದರೆ ಕೆಳಗೆ ನದಿಯೊಳಗೆ ಉಪಕರಣ ಇಟ್ಟು ನೋಡಿದಾಗ ನೈಟ್ರೇಟ್ ಹಗಲು ಇಳಿಯುತ್ತಿತ್ತು, ರಾತ್ರಿ ಏರುತ್ತಿತ್ತು. ನದಿಯ ಗಿಡ, ಪಾಚಿಗಳು ಬಿಸಿಲಿರುವಾಗ ತಿನ್ನುತ್ತಿದ್ದವು. 2010ರಲ್ಲಿ ಹೆಫರ್ನನ್ ಮತ್ತು ಕೋಹೆನ್ ಈ ಏರಿಳಿತದಿಂದಲೇ ಇಡೀ ನದಿ ದಿನಕ್ಕೆ ಎಷ್ಟು ಸಾರಜನಕ ಹೀರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಒಂದು ಗಿಡವನ್ನೂ ಕೀಳಲಿಲ್ಲ, ನದಿಗೆ ಏನನ್ನೂ ಸುರಿಯಲಿಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಬಾಟಲಿಯಿಂದ ಇಂಥ ಪ್ರಶ್ನೆಯನ್ನು ಕೇಳಲೂ ಆಗುತ್ತಿರಲಿಲ್ಲ, ಅಲ್ವಾ?

ಆ ಉಪಕರಣ ಕೆಲಸ ಮಾಡುವುದು ಬೆಳಕಿನಿಂದ. ನೈಟ್ರೇಟ್ ನಮ್ಮ ಕಣ್ಣಿಗೆ ಬಣ್ಣವಿಲ್ಲದ್ದು, ಆದರೆ ನೇರಳಾತೀತ ಬೆಳಕಿನಲ್ಲಿ ನೋಡಿದರೆ ಅದು ಕಪ್ಪು. 240 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಅದು ಚೆನ್ನಾಗಿ ಹೀರುತ್ತದೆ. ಒಂದು ದೀಪ, ಒಂದು ಸೆಂಟಿಮೀಟರಿನಷ್ಟು ನೀರು, ಆಚೆ ಕಡೆ ಬೆಳಕನ್ನು ಬಿಡಿಸಿ ನೋಡುವ ಸ್ಪೆಕ್ಟ್ರೋಮೀಟರ್. ಎಷ್ಟು ಬೆಳಕು ಹೋಗಿ ಎಷ್ಟು ತಲುಪಿತು ಎಂದು ನೋಡಿದರೆ ನೈಟ್ರೇಟ್ ಎಷ್ಟು ಎಂದು ತಿಳಿಯುತ್ತದೆ. ರಾಸಾಯನಿಕ ಬೇಡ, ಪಂಪ್ ಬೇಡ, ಕೆಲವೇ ಸೆಕೆಂಡಿನಲ್ಲಿ ಉತ್ತರ. ಕ್ಯಾಲಿಫೋರ್ನಿಯಾದ ಮಾಂಟೆರಿ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಕೆನ್ ಜಾನ್ಸನ್ ಮತ್ತು ಲೂಕ್ ಕೊಲೆಟಿ 2002ರಲ್ಲಿ ಸಮುದ್ರದಲ್ಲಿ ಇಡಬಹುದಾದ ಇಂಥ ಉಪಕರಣದ ವಿವರ ಪ್ರಕಟಿಸಿದರು. ಅದರ ಹೆಸರು ಐಸಸ್. ಅದರ ನಂತರ ಬಂದ ಸುನಾ ಎಂಬ ಉಪಕರಣ ಇವತ್ತು ನದಿ, ಸಮುದ್ರ ಎರಡರಲ್ಲೂ ಬಳಕೆಯಲ್ಲಿದೆ.

ಆದರೆ ಸಮುದ್ರದ ನೀರಲ್ಲಿ ಬ್ರೋಮೈಡ್ ಇದೆ. ಅದೂ ಅದೇ ಬೆಳಕನ್ನು ಹೀರುತ್ತದೆ. ಲೀಟರಿಗೆ ಸುಮಾರು 850 ಮೈಕ್ರೋಮೋಲ್, ಅಂದರೆ ನೈಟ್ರೇಟ್ ಅತಿ ಹೆಚ್ಚಿರುವ ನೀರಲ್ಲೂ ಅದಕ್ಕಿಂತ ಹತ್ತೊಂಬತ್ತು ಪಟ್ಟು. ಇದನ್ನು ದಾಟಿದ ಉಪಾಯ ನೋಡಿ. ತೂಕದ ಯಂತ್ರದ ಮೇಲೆ ನಿಲ್ಲದೆ ಹಠ ಮಾಡುವ ಮಗುವನ್ನು ಎತ್ತಿಕೊಂಡು ತಾವೇ ನಿಂತು, ಆಮೇಲೆ ತಮ್ಮ ತೂಕ ಕಳೆಯುತ್ತಾರಲ್ಲ, ಹಾಗೆ. ಸಮುದ್ರದಲ್ಲಿ ಉಪ್ಪಿಗೂ ಬ್ರೋಮೈಡಿಗೂ ಇರುವ ಪ್ರಮಾಣ ಎಲ್ಲ ಕಡೆ ಬಹುತೇಕ ಒಂದೇ. ಹಾಗಾಗಿ ಪಕ್ಕದಲ್ಲಿ ಉಪ್ಪಿನಂಶ ಅಳೆಯುವ ಸೆನ್ಸರ್ ಇದ್ದರೆ ಬ್ರೋಮೈಡ್ ಎಷ್ಟು, ಅದು ಎಷ್ಟು ಬೆಳಕು ಹೀರಿರಬೇಕು ಎಂದು ಲೆಕ್ಕ ಹಾಕಿ ಕಳೆಯಬಹುದು. ಉಳಿದದ್ದು ನೈಟ್ರೇಟ್. ಅದೂ ಸಾಲದು, ಬ್ರೋಮೈಡ್ ಬೆಳಕು ಹೀರುವುದು ನೀರಿನ ಉಷ್ಣತೆಯ ಮೇಲೆ ಬದಲಾಗುತ್ತದೆ. 2009ರಲ್ಲಿ ಕ್ಯಾರೋಲ್ ಸಕಮೋಟೊ ಮತ್ತು ಅವರ ತಂಡ ಉಷ್ಣತೆಯನ್ನೂ ಸೇರಿಸಿ ಲೆಕ್ಕ ಮಾಡುವ ದಾರಿ ಕೊಟ್ಟ ಮೇಲೆ ಅಳತೆ ಎಷ್ಟೋ ಸುಧಾರಿಸಿತು. ಒಂದು ನೈಟ್ರೇಟ್ ಅಂಕಿಯ ಹಿಂದೆ ಉಪ್ಪಿನ ಅಂಕಿ, ಉಷ್ಣತೆಯ ಅಂಕಿ ಎರಡೂ ನಿಂತಿವೆ. ಆ ಎರಡರಲ್ಲಿ ಒಂದು ತಪ್ಪಿದರೂ ನೈಟ್ರೇಟ್ ತಪ್ಪುತ್ತದೆ.

ನದಿಯಲ್ಲಿ ಬ್ರೋಮೈಡಿನ ಕಾಟ ಅಷ್ಟಿಲ್ಲ. ಬದಲಿಗೆ ಕೊಳೆತ ಎಲೆಯಿಂದ ಬರುವ ಕಂದು ಬಣ್ಣದ ವಸ್ತುಗಳು, ಕೆಸರು. ಕೆಂಪು ಮಣ್ಣು ತುಂಬಿ ಹರಿಯುವ ನೀರಲ್ಲಿ ಒಂದು ಸೆಂಟಿಮೀಟರ್ ದಾಟುವಷ್ಟರಲ್ಲಿ ಬೆಳಕೇ ಮುಗಿದುಹೋಗುತ್ತದೆ, ಅದಕ್ಕೆ ಅಲ್ಲಿ ದೀಪಕ್ಕೂ ಸ್ಪೆಕ್ಟ್ರೋಮೀಟರಿಗೂ ನಡುವಿನ ಜಾಗ ಐದು ಮಿಲಿಮೀಟರೋ ಅದಕ್ಕಿಂತ ಕಡಿಮೆಯೋ ಇರುವ ಉಪಕರಣ ಹಾಕುತ್ತಾರೆ. ಜಾಗ ಕಡಿಮೆಯಾದಷ್ಟು ಸಣ್ಣ ಅಂಕಿ ಹಿಡಿಯುವ ಶಕ್ತಿ ಕಡಿಮೆ. ಇನ್ನು ಗಾಜಿನ ಮೇಲೆ ಲೋಳೆ ಕಟ್ಟುವುದು. ಬೆಚ್ಚಗಿನ ನೀರಿನಲ್ಲಿ ಕೆಲವೇ ದಿನ ಸಾಕು. ಅದನ್ನು ಒರೆಸಲು ಪುಟ್ಟ ವೈಪರ್ ಇರುತ್ತದೆ, ಸುತ್ತ ತಾಮ್ರದ ಕವಚ ಹಾಕುತ್ತಾರೆ, ಆದರೂ ಯಾರಾದರೂ ಹೋಗಿ ಕೈಯಾರೆ ಸ್ವಚ್ಛ ಮಾಡಲೇಬೇಕು. ಉಪಕರಣ ಖರೀದಿಸಲು ದುಡ್ಡು ಮಂಜೂರಾಗುತ್ತದೆ, ಅದನ್ನು ಒರೆಸುವವರ ಸಂಬಳಕ್ಕೆ ಆಗುವುದಿಲ್ಲ ಎಂದರೆ ಆ ಉಪಕರಣ ಕೊಡುವುದು ಲೋಳೆಯ ಅಳತೆ ಮಾತ್ರ. ಇದನ್ನು ಟೆಂಡರ್ ಬರೆಯುವವರು ಗಮನಿಸಬೇಕು ಎಂದು ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಫಾಸ್ಫೇಟಿಗೆ ಈ ಬೆಳಕಿನ ದಾರಿ ಇಲ್ಲ. ಅದು ಬಳಸಬಹುದಾದ ನೇರಳಾತೀತ ಬೆಳಕನ್ನು ಹೀರುವುದೇ ಇಲ್ಲ. ಹಾಗಾಗಿ ಅದನ್ನು ನೀರೊಳಗೆ ಅಳೆಯಬೇಕೆಂದರೆ ಲ್ಯಾಬನ್ನೇ ಚಿಕ್ಕದು ಮಾಡಿ ಮುಳುಗಿಸಬೇಕು. ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಕೇಂದ್ರದವರು ಮಾಡಿದ್ದು ಇದನ್ನೇ. ಅಂಗೈಯಗಲದ ಅಕ್ರಿಲಿಕ್ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಕಾಲುವೆ ಕೊರೆದು, ಅದರಲ್ಲಿ ನೀರನ್ನೂ ರಾಸಾಯನಿಕವನ್ನೂ ಬೆರೆಸಿ, ಬಂದ ಬಣ್ಣವನ್ನು ಎಲ್‌ಇಡಿ ಬೆಳಕಿನಲ್ಲಿ ನೋಡುತ್ತಾರೆ. ಅದೇ ನೀಲಿ, ಅದೇ ಗುಲಾಬಿ. ಕಾಲುವೆ ಅಷ್ಟು ಸಣ್ಣದಾದ್ದರಿಂದ ಒಂದು ಅಳತೆಗೆ ಬೇಕಾಗುವ ರಾಸಾಯನಿಕ ತೀರಾ ಕಡಿಮೆ, ಪುಟ್ಟ ಚೀಲದಷ್ಟಿದ್ದರೆ ತಿಂಗಳುಗಟ್ಟಲೆ ಸಾಕು. ಇದು ನಿಧಾನ, ಒಂದು ಅಂಕಿಗೆ ನಿಮಿಷಗಟ್ಟಲೆ ಕಾಯಬೇಕು. ಗುಳ್ಳೆ ಸಿಕ್ಕಿಕೊಂಡರೆ ಕೆಡುತ್ತದೆ, ರಾಸಾಯನಿಕ ಹಳೆಯದಾಗುತ್ತದೆ. ಆದರೆ ಒಂದು ಕಾರಣಕ್ಕೆ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ಇದು ತನ್ನ ಜೊತೆಗೇ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ದ್ರಾವಣದ ಚೀಲವನ್ನೂ ಒಯ್ಯುತ್ತದೆ. ಆಗಾಗ ನೀರಿನ ಬದಲು ಅದನ್ನು ಅಳೆದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಸಣ್ಣ ಅಂಕಿ ಹಿಡಿಯುವುದರಲ್ಲೂ ಬೆಳಕಿನ ಉಪಕರಣಕ್ಕಿಂತ ಹತ್ತಾರು ಪಟ್ಟು ಚುರುಕು.

ಬೆಳಕಿನ ಉಪಕರಣಕ್ಕೆ ಆ ಸೌಲಭ್ಯ ಇಲ್ಲ. ಹಾಗಿದ್ದರೆ ಯಾರೂ ಮತ್ತೆ ಮುಟ್ಟಲಾಗದ ಕಡೆ, ಸಾಗರದ ನಡುವೆ, ಅದನ್ನು ನಂಬುವುದು ಹೇಗೆ? ಬಿಜಿಸಿ-ಆರ್ಗೊ ಎಂಬ ಅಂತರರಾಷ್ಟ್ರೀಯ ಯೋಜನೆಯ ತೇಲು ಉಪಕರಣಗಳು ಸಾಮಾನ್ಯವಾಗಿ 1000 ಮೀಟರ್ ಆಳದಲ್ಲಿ ತೇಲುತ್ತಿದ್ದು, ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಅಳೆಯುತ್ತಾ ಮೇಲಕ್ಕೆ ಬಂದು, ಉಪಗ್ರಹಕ್ಕೆ ಅಂಕಿ ಕಳಿಸಿ, ಮತ್ತೆ ಮುಳುಗುತ್ತವೆ. ವರ್ಷಗಟ್ಟಲೆ ಇದೇ ಕೆಲಸ. ದೀಪ ಹಳೆಯದಾದಂತೆ ಅಂಕಿ ನಿಧಾನವಾಗಿ ಸರಿಯುತ್ತದೆ. ಅದನ್ನು ಸರಿಪಡಿಸುವುದು ಆಳದ ನೀರಿನ ಸಹಾಯದಿಂದ. 1500 ಮೀಟರಿನಿಂದ ಕೆಳಗೆ ನೈಟ್ರೇಟ್ ವರ್ಷಗಳ ಮಟ್ಟಿಗೆ ಹೆಚ್ಚುಕಮ್ಮಿ ಬದಲಾಗುವುದಿಲ್ಲ, ಅಲ್ಲಿ ಎಷ್ಟಿರಬೇಕು ಎಂದು ಹಡಗಿನಿಂದ ಬಾಟಲಿ ತುಂಬಿ ಅಳೆದವರು ದಶಕಗಳಿಂದ ದಾಖಲೆ ಇಟ್ಟಿದ್ದಾರೆ. ಉಪಕರಣದ ಆಳದ ಅಂಕಿ ಅದಕ್ಕೆ ಹೊಂದದಿದ್ದರೆ ವ್ಯತ್ಯಾಸವನ್ನು ಇಡೀ ಅಳತೆಗೆ ಹೊಂದಿಸುತ್ತಾರೆ. ಬಾಟಲಿಯ ಕಾಲ ಮುಗಿಯಿತು ಎನ್ನುವವರಿಗೆ ಇದನ್ನೇ ಹೇಳಬೇಕು: ಆ ಬಾಟಲಿಗಳಿಲ್ಲದೆ ಈ ಉಪಕರಣಗಳಿಗೆ ಕಾಲೂರಲು ಜಾಗವೇ ಇರುತ್ತಿರಲಿಲ್ಲ.

ಇವುಗಳಿಂದ ಸಿಕ್ಕ ಒಂದು ಉತ್ತರ ಹವಾಯಿ ಬಳಿಯ ಸಾಗರದ್ದು. ಅಲ್ಲಿನ ಮೇಲ್ಪದರದಲ್ಲಿ ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಪಾಚಿ ಬೆಳೆಯುತ್ತದೆ, ಇಂಗಾಲ ಹೀರುತ್ತದೆ. ಊಟ ಎಲ್ಲಿಂದ? 2010ರಲ್ಲಿ ಜಾನ್ಸನ್, ಸ್ಟೀಫನ್ ರೈಸರ್, ಡೇವಿಡ್ ಕಾರ್ಲ್ ಮೂವರೂ ಸೇರಿ ಒಂದು ತೇಲು ಉಪಕರಣದ ಅಂಕಿಗಳಿಂದ ತೋರಿಸಿದ್ದು, ಕೆಳಗಿನ ಪದರದಿಂದ ನೈಟ್ರೇಟ್ ಆಗಾಗ, ಬಿಡಿ ಬಿಡಿ ಏರಿಕೆಗಳಾಗಿ ಬೆಳಕಿರುವ ಪದರಕ್ಕೆ ಬರುತ್ತದೆ ಎಂದು. ಅಪರೂಪಕ್ಕೊಮ್ಮೆ ಬರುವ ಹಡಗಿಗೆ ಅವು ಸಿಗುವುದು ಕಷ್ಟ.

ಅರಬ್ಬೀ ಸಮುದ್ರದ ವಿಷಯವನ್ನೂ ಹೇಳಬೇಕು, ಅದು ನಮ್ಮ ಕಾರವಾರ, ಮಲ್ಪೆಯ ಮುಂದಿರುವ ನೀರು. ಅದರ ಸುಮಾರು 150 ಮೀಟರಿನಿಂದ ಕೆಳಗಿನ ದಪ್ಪ ಪದರದಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದೆ ನೈಟ್ರೇಟಿನಿಂದ ಉಸಿರಾಡಿ ಅದನ್ನು ಸಾರಜನಕ ಅನಿಲವಾಗಿ ಬಿಟ್ಟುಬಿಡುತ್ತವೆ. ತೆರೆದ ಸಾಗರದಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆಯುವ ಮೂರೇ ಜಾಗಗಳಲ್ಲಿ ಇದೂ ಒಂದು. ಮಳೆಗಾಲದ ಕೊನೆಯಲ್ಲಿ ಆಮ್ಲಜನಕ ಕಡಿಮೆಯಿರುವ ನೀರು ಪಶ್ಚಿಮ ಕರಾವಳಿಯ ಹತ್ತಿರಕ್ಕೇ ಏರಿ ಬರುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್‌ಡಬ್ಲ್ಯುಎ ನಖ್ವಿ ಮತ್ತು ಅವರ ತಂಡ 2000ದಲ್ಲಿ ಇದನ್ನು ಜಗತ್ತಿನ ಗಮನಕ್ಕೆ ತಂದರು. ಅಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲ ಹೇಗೆ ವಿಪರೀತ ಹುಟ್ಟುತ್ತದೆ ಎಂದು ತೋರಿಸಿದರು. ಇಂಥ ನೀರಲ್ಲಿ ಬೆಳಕಿನ ಉಪಕರಣವನ್ನು ಹುಷಾರಾಗಿ ಓದಬೇಕು. ನೈಟ್ರೈಟ್ ಕೂಡ ಅದೇ ಬೆಳಕನ್ನು ಹೀರುತ್ತದೆ, ಅರಬ್ಬೀ ಸಮುದ್ರದ ಆ ಪದರದಲ್ಲಿ ನೈಟ್ರೈಟ್ ಸಾಕಷ್ಟಿದೆ.

ನದಿಗಳ ಕಡೆ ಇದರ ಬೆಲೆ ಗೊತ್ತಾಗಿರುವುದು ಅಮೆರಿಕದ ಅಯೊವಾದಲ್ಲಿ. ಅಲ್ಲಿ ಹೊಲದಡಿಯಲ್ಲಿ ನೀರು ಬಸಿಯಲು ಪೈಪು ಹೂತಿರುತ್ತಾರೆ, ಮಳೆ ಬಿದ್ದರೆ ಆ ಪೈಪುಗಳಿಂದ ನೈಟ್ರೇಟ್ ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಡಿ ಮಾಯ್ನ್ ನಗರ ಕುಡಿಯುವ ನೀರನ್ನು ರಕೂನ್ ಮತ್ತು ಡಿ ಮಾಯ್ನ್ ನದಿಗಳಿಂದ ಎತ್ತುತ್ತದೆ, ನೈಟ್ರೇಟ್ ತೆಗೆಯಲೆಂದೇ 1990ರ ದಶಕದಿಂದ ಒಂದು ದೊಡ್ಡ ಘಟಕ ನಡೆಸುತ್ತಿದೆ. ಅದನ್ನು ಓಡಿಸುವುದು ದುಬಾರಿ. ನದಿಯಲ್ಲಿ ಮೇಲೆ ಇಟ್ಟ ಸೆನ್ಸರ್‌ಗಳು ನೈಟ್ರೇಟ್ ಏರುತ್ತಿದೆ ಎಂದು ಮೊದಲೇ ಹೇಳಿದರೆ ಯಾವಾಗ ಅದನ್ನು ಓಡಿಸಬೇಕು, ಯಾವ ನದಿಯ ನೀರು ಎತ್ತಬೇಕು ಎಂದು ನಿರ್ಧರಿಸಬಹುದು. 2025ರ ಜೂನ್‌ನಲ್ಲಿ ಅದೂ ಸಾಲದೆ ಅಂಗಳದ ಹುಲ್ಲಿಗೆ ನೀರು ಹಾಕುವುದನ್ನೇ ನಿಷೇಧಿಸಬೇಕಾಯಿತು. ಈ ನೀರೆಲ್ಲ ಕೊನೆಗೆ ಮಿಸಿಸಿಪ್ಪಿ ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಅಲ್ಲಿ 2017ರ ಬೇಸಿಗೆಯಲ್ಲಿ ಆಮ್ಲಜನಕ ಕುಸಿದ ಪ್ರದೇಶ ಸುಮಾರು 22,700 ಚದರ ಕಿಲೋಮೀಟರ್ ಇತ್ತು, ಹತ್ತಿರಹತ್ತಿರ ಕರ್ನಾಟಕದ ಎಂಟನೇ ಒಂದು ಭಾಗ.

ನಮ್ಮಲ್ಲಿ ನೈಟ್ರೇಟ್ ಎಂದರೆ ಮೊದಲು ನೆನಪಾಗಬೇಕಾದದ್ದು ಬೋರ್‌ವೆಲ್. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ಪರೀಕ್ಷಿಸಿದ ಮಾದರಿಗಳಲ್ಲಿ ಅರ್ಧದಷ್ಟು 45 ಮಿಲಿಗ್ರಾಂ ಮಿತಿ ಮೀರಿದ್ದವು. ಕುದಿಸಿದರೆ ಇದೂ ಹೋಗುವುದಿಲ್ಲ. ಪುಟ್ಟ ಮಕ್ಕಳ ರಕ್ತದಲ್ಲಿ ಆಮ್ಲಜನಕ ಸಾಗದಂತೆ ಮಾಡುವುದು ಇದರ ದೊಡ್ಡ ಅಪಾಯ. ಅಂತರ್ಜಲ ನದಿಯಷ್ಟು ಬೇಗ ಬದಲಾಗುವುದಿಲ್ಲವಾದ್ದರಿಂದ ಇಲ್ಲಿ ಬಾಟಲಿಯೇ ಸಾಕು, ಸೆನ್ಸರ್ ಬೇಕಿಲ್ಲ. ಸರಿಯಾದ ಲ್ಯಾಬಿಗೆ ತಣ್ಣಗೆ ಕಳಿಸಿದರೆ ಆಯಿತು.

ಕೆರೆಗಳ ಕಥೆ ಬೇರೆ. ಬೆಳ್ಳಂದೂರಿನಂಥ, ಕೊಳಚೆ ನೀರು ಸೇರುವ ಕೆರೆಗೆ ನೈಟ್ರೇಟ್ ಸೆನ್ಸರ್ ಹಾಕಿದರೆ ಅದು ಸೊನ್ನೆ ಹತ್ತಿರ ತೋರಿಸಬಹುದು, ನೋಡಿದವರು ಕೆರೆ ಶುದ್ಧವಾಯಿತು ಎಂದುಕೊಳ್ಳಬಹುದು. ಆದರೆ ಕೊಳಚೆಯ ಸಾರಜನಕ ಬರುವುದು ಮುಖ್ಯವಾಗಿ ಅಮೋನಿಯಂ ಆಗಿ. ಅದು ನೈಟ್ರೇಟ್ ಆಗಲು ಆಮ್ಲಜನಕ ಬೇಕು, ಇಂಥ ಕೆರೆಯಲ್ಲಿ ಅದಿರುವುದಿಲ್ಲ. ಆದ ಚೂರುಪಾರನ್ನೂ ತಳದ ಬ್ಯಾಕ್ಟೀರಿಯಾ ಮುಗಿಸುತ್ತವೆ. ಅಲ್ಲಿ ಮೊದಲು ಅಳೆಯಬೇಕಾದದ್ದು ಅಮೋನಿಯಂ. ಅದಕ್ಕಿರುವ ಅಗ್ಗದ ಎಲೆಕ್ಟ್ರೋಡ್‌ಗಳು ಪೊಟ್ಯಾಸಿಯಮ್ಮನ್ನೂ ಅಮೋನಿಯಂ ಎಂದೇ ಎಣಿಸುತ್ತವೆ, ಕೊಳಚೆಯಲ್ಲಿ ಎರಡೂ ಇರುತ್ತವೆ, ಹಾಗಾಗಿ ಪೊಟ್ಯಾಸಿಯಂ ಎಲೆಕ್ಟ್ರೋಡನ್ನೂ ಜೊತೆಗಿಟ್ಟು ಕಳೆಯಬೇಕು. ಪಿಎಚ್ ಮತ್ತು ಉಷ್ಣತೆ ಪಕ್ಕದಲ್ಲೇ ಇರಲೇಬೇಕು. ಯಾಕೆಂದರೆ 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅಮೋನಿಯಂನ ನೂರರಲ್ಲಿ ಒಂದು ಪಾಲೂ ವಿಷಕಾರಿ ಅಮೋನಿಯಾ ಆಗಿರುವುದಿಲ್ಲ, ಪಿಎಚ್ 9ಕ್ಕೆ ಹೋದರೆ ಮೂರನೇ ಒಂದಕ್ಕಿಂತ ಜಾಸ್ತಿ ಆಗುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಪಿಎಚ್ ಅಷ್ಟು ಮೇಲೇರುವುದು ಅಪರೂಪವಲ್ಲ. ಬೆಳಗಿನ ಬಾಟಲಿಗೆ ಅದು ಸಿಗುವುದಿಲ್ಲ. ಬೆಳಗಿನ ಜಾವ ಆಮ್ಲಜನಕ ಕುಸಿಯುವುದು ಮಧ್ಯಾಹ್ನದ ಬಾಟಲಿಗೆ ಸಿಗುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಇಂಥದ್ದಾದ ಮೇಲೆ ನೀರು ಹಿಡಿದು ಪರೀಕ್ಷಿಸಿದರೆ ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ನಡೆದದ್ದು ತಿಳಿಯುವುದು ತುಂಬಾ ಕಷ್ಟ.

ಫಾಸ್ಫೇಟಿಗೆ ಕೆರೆಯ ಒಳಹರಿವು, ಹೊರಹರಿವು ಎರಡೂ ಕಡೆ ಅಳತೆ ಬೇಕು, ಹರಿವಿನ ಪ್ರಮಾಣದ ಜೊತೆಗೆ. ಲೀಟರಿಗೆ ಎಷ್ಟು ಎಂಬ ಅಂಕಿಯನ್ನು ಎಷ್ಟು ಲೀಟರ್ ಎಂಬ ಅಂಕಿಯಿಂದ ಗುಣಿಸಿದರೆ ಮಾತ್ರ ದಿನಕ್ಕೆ ಎಷ್ಟು ಕಿಲೋ ಬಂತು, ಎಷ್ಟು ಹೋಯಿತು ಎಂದು ಗೊತ್ತಾಗುವುದು. ಮೂರನೆಯದು ತಳದ ಹತ್ತಿರ. ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿರುವ ರಂಜಕ ಆಮ್ಲಜನಕ ಹೋದ ಕೂಡಲೇ ಬಿಟ್ಟುಕೊಂಡು ನೀರಿಗೆ ಕರಗುತ್ತದೆ, ಹಾಗಾಗಿ ಹೊಸ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಟ್ಟಿ ಒಳಹರಿವನ್ನು ಪೂರ್ತಿ ಶುದ್ಧ ಮಾಡಿದರೂ ದಶಕಗಳ ಹಳೆಯ ಕೆಸರು ವರ್ಷಗಟ್ಟಲೆ ಪಾಚಿಗೆ ಊಟ ಹಾಕುತ್ತಿರುತ್ತದೆ. ಹೂಳೆತ್ತುವ ಮೊದಲು ಮತ್ತು ನಂತರ ತಳದ ಈ ಫಾಸ್ಫೇಟ್ ಅಳತೆ ಇದ್ದರೆ ಹೂಳೆತ್ತಿದ್ದರಿಂದ ಪಾಚಿಯ ಊಟ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ ಸಿಗುತ್ತದೆ.